ಬೆಂಕಿಯ ಹೊಣೆ ಮಾಲಕನವರೆಗೂ ಏರಬೇಕು

ಲೋವರ್ ಪರೇಲಿನ ಕಮಲಾ ಮಿಲ್ಲನ್ನು ನಮ್ಮ ಗಿರಣಿ ಬಂಧುಗಳಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಗ್ಗಗಳು ನಿಂತ ಮೇಲೆ ಆ ಆವರಣದಲ್ಲಿ ಆಫೀಸುಗಳೂ, ಮದ್ಯ-ಸಂಗೀತದ ಹೋಟೆಲುಗಳೂ ಎದ್ದವು. 2017ರ ಡಿಸೆಂಬರ್ 29ರಂದು, ನಡುರಾತ್ರಿ ಕಳೆದ ಮೇಲೆ, ಮಾಳಿಗೆಯ ಮೇಲಿನ ಇಂತಹ ಎರಡು ಹೋಟೆಲುಗಳಿಗೆ ಬೆಂಕಿ ತಗಲಿ 14 ಮಂದಿ ತೀರಿಕೊಂಡರು. ಹೆಚ್ಚಿನವರು ದಾರಿ ಕಾಣದೆ ಶೌಚಗೃಹದಲ್ಲಿ ಸೇರಿ, ಹೊಗೆಯಿಂದ ಉಸಿರುಕಟ್ಟಿ ಸತ್ತವರು. ಹುಕ್ಕಾದ ಕೆಂಡದ ಕಿಡಿಯೇ ಮೂಲವೆಂದು ಅಗ್ನಿಶಾಮಕ ದಳ ವರದಿ ಮಾಡಿತು. ಇರಬಹುದು. ಆದರೆ ಅಲ್ಲಿಯ ಬಿದಿರು-ತಾಡಪತ್ರಿಯ ಛಾವಣಿಯನ್ನು ಕಿಡಿ ಕಟ್ಟಿರಲಿಲ್ಲ.

ಮುಂದೆ ನಡೆದುದನ್ನು ಬಂಧುಗಳು ಗಮನಿಸಬೇಕು. ಮೊದಲು ಪೋಲೀಸರ ಕೈಗೆ ಸಿಕ್ಕವರು ಇಬ್ಬರು ಮ್ಯಾನೇಜರರು. ಅವರ ಮಾಲಕರು ಸಿಕ್ಕುವಷ್ಟರಲ್ಲಿ ಇನ್ನೂ ಹತ್ತು ದಿನ ಕಳೆದಿತ್ತು. ಆವರಣದ ಒಡೆಯರ ಮೇಲೂ ಮೊಕದ್ದಮೆ ಬಂತು. 2020ರಲ್ಲಿ ಸೆಷನ್ಸ್ ಕೋರ್ಟು ಅವರನ್ನು ಆರೋಪದಿಂದ ಬಿಡಿಸಿತು. ಕೋರ್ಟಿನ ಮಾತಿಗೆ ನಾವು ಎದುರಾಡುವುದಿಲ್ಲ. ಬಾಡಿಗೆ ಎಣಿಸಿಕೊಳ್ಳುವವನಿಗೆ ತನ್ನ ಮಾಳಿಗೆಯ ಮೇಲೆ ಏನಿದೆಯೆಂದು ನೋಡುವ ಹೊಣೆಯನ್ನು ಕಾನೂನು ಸ್ಪಷ್ಟವಾಗಿ ಹೊರಿಸಬಾರದೇ ಎಂದಷ್ಟೇ ಕೇಳುತ್ತೇವೆ.

ಆ ದುರಂತದ ಹತ್ತು ದಿನಗಳಲ್ಲೇ, 2018ರ ಜನವರಿ 8ರಂದು, ಬೆಂಗಳೂರಿನ ಕಲಾಸಿಪಾಳ್ಯದ ಒಂದು ಬಾರಿನಲ್ಲಿ ಬೆಂಕಿ ಬಿದ್ದು, ಒಳಗೆ ಮಲಗಿದ್ದ 5 ನೌಕರರು ಸತ್ತರು. ಅಲ್ಲಿ ಹಾಡೂ ಇರಲಿಲ್ಲ, ಕುಣಿತವೂ ಇರಲಿಲ್ಲ. ದುಡಿದ ಜಾಗದಲ್ಲೇ ಮಲಗುವುದು ಎಂತಹುದೆಂದು ನಮ್ಮ ಹೋಟೆಲು ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

2025ರ ಡಿಸೆಂಬರ್ 6ರ ರಾತ್ರಿ ಗೋವೆಯ ಆರ್ಪೋರಾದ ಕುಣಿತದ ಕ್ಲಬ್ಬಿನಲ್ಲಿ 25 ಮಂದಿ ಸತ್ತರು. ಅವರಲ್ಲಿ 20 ಮಂದಿ ಅಲ್ಲಿಯ ಕೆಲಸಗಾರರು; ನೆಲಮಾಳಿಗೆಯ ಅಡಿಗೆಮನೆಯಿಂದ ಮೇಲೆ ಬರಲಾರದೆ ಹೋದವರು ಹಲವರು. ಇಲ್ಲಿಯೂ ಮೊದಲು ಬಂಧನಕ್ಕೊಳಗಾದವರು ಮ್ಯಾನೇಜರರೇ. ಮಾಲಕರು ಬೆಳಗಾಗುವಷ್ಟರಲ್ಲಿ ಥಾಯ್ಲೆಂಡಿನ ವಿಮಾನ ಹತ್ತಿದ್ದರು. ಡಿಸೆಂಬರ್ 16ರಂದು ಅವರನ್ನು ಹಿಂದಕ್ಕೆ ತರಲಾಯಿತು. ಕಟ್ಟಡವನ್ನು ಕೆಡಹಲು ಪಂಚಾಯತಿ ಮೊದಲೇ ಆದೇಶಿಸಿತ್ತು, ಮೇಲಿನ ಕಚೇರಿ ತಡೆ ಕೊಟ್ಟಿತು ಎಂದು ಸರಪಂಚರು ಹೇಳಿದರು.

ಅತಿಥಿಗಳನ್ನು ಬಿಟ್ಟು ಓಡಿದ ಮ್ಯಾನೇಜರನನ್ನು, ನಮ್ಮವನೆಂದು ಬಿಡಿಸಿಕೊಳ್ಳಲು ನಾವು ಹೊರಟಿಲ್ಲ. ಅವನೂ ಉತ್ತರ ಕೊಡಲಿ. ಆದರೆ ಎರಡನೆಯ ಬಾಗಿಲು ತೆಗೆಸುವ ಅಧಿಕಾರ ಸಂಬಳದವನಿಗೆ ಇರಲಿಲ್ಲ. ಅದು ಹಣ ಹಾಕಿದವನದು, ಜಾಗ ಕೊಟ್ಟವನದು, ಪರವಾನಗಿಗೆ ರುಜು ಹಾಕಿದವನದು.

ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರಲ್ಲಿ 59 ಜನ ಸತ್ತಾಗ ಮಾಲಕರ ಮೇಲೆ ಸಾಬೀತಾದದ್ದು ಅಜಾಗ್ರತೆಯಿಂದಾದ ಸಾವಿನ ಅಪರಾಧ. ಅದಕ್ಕೆ ಆಗಿನ ಕಾನೂನಿನಲ್ಲಿ ಹೆಚ್ಚೆಂದರೆ ಎರಡು ವರ್ಷ ಸೆರೆ. 2015ರಲ್ಲಿ ಸುಪ್ರೀಂ ಕೋರ್ಟು ಇಬ್ಬರಿಗೆ ತಲಾ 30 ಕೋಟಿ ರೂಪಾಯಿ ಕಟ್ಟಲು ಹೇಳಿತು. 2017ರಲ್ಲಿ ಒಬ್ಬರನ್ನು ಮತ್ತೆ ಸೆರೆಗೆ ಕಳುಹಿಸಿತು. ಇಷ್ಟಾಗಲು ಇಪ್ಪತ್ತು ವರ್ಷ! 2024ರ ಜುಲೈಯಿಂದ ಬಂದ ಹೊಸ ಸಂಹಿತೆಯಲ್ಲಿ ಈ ಎರಡು ವರ್ಷ ಐದಾಗಿದೆ. ಆದರೂ ಕೆಡಹುವ ಆದೇಶ ಕೈಯಲ್ಲಿದ್ದೂ ಗಿರಾಕಿಗಳನ್ನು ಒಳಗೆ ಕೂಡಿಸುವುದು ಅಜಾಗ್ರತೆಯಲ್ಲ, ತಿಳಿದೇ ಮಾಡುವ ಕೆಲಸ. ಅದನ್ನು ಹಾಗೆಯೇ ವಿಚಾರಿಸಬೇಕು. ಕಣ್ಣುಮುಚ್ಚಿದ ಅಧಿಕಾರಿಯನ್ನು ನಾಲ್ಕು ದಿನ ಅಮಾನತಿನಲ್ಲಿ ಇಟ್ಟರೆ ಸಾಲದು.

ರಾತ್ರಿ ಹೋಟೆಲಿನಲ್ಲೇ ಮಲಗುವ ಹುಡುಗರು, ಹೊರಬಾಗಿಲಿನ ಬೀಗದ ಕೈ ಯಾರಲ್ಲಿದೆಯೆಂದು ಈ ವಾರವೇ ವಿಚಾರಿಸಲಿ. ಮಾಲಕರ ಮನೆಯಲ್ಲಿದೆ ಎಂದಾದರೆ ಹೋಟೆಲಿನ ಹೆಸರನ್ನು ಸಂಘದ ಕಚೇರಿಗೆ ತಿಳಿಸಲಿ. ಅರ್ಜಿಗೆ ಹುಡುಗರ ರುಜು ಬೇಡ. ಸಂಘವೇ ರುಜು ಹಾಕುತ್ತದೆ.