ಒಂದು ಹುಣ್ಣಿಗೆ ನಾಲ್ಕು ಮದ್ದೇಕೆ?

ವಾಚಕರೊಬ್ಬರು ಕೇಳಿದ್ದಾರೆ: “ಜಠರದ ಹುಣ್ಣಿಗೆಂದು ವೈದ್ಯರು ನಾಲ್ಕು ಬಗೆಯ ಗುಳಿಗೆಗಳನ್ನು 14 ದಿನಗಳಿಗೆ ಬರೆದುಕೊಟ್ಟರು. ಐದನೆಯ ದಿನಕ್ಕೇ ನೋವು ನಿಂತಿತು. ಬಾಯಿ ಮಾತ್ರ ಕೆಟ್ಟುಹೋಗಿದೆ. ಇನ್ನು ಬಿಡಬಹುದಲ್ಲವೇ?”

ಬಿಡಲಾಗದು. ಕಾರಣ ತಿಳಿಯಬೇಕಾದರೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ರೋಗಾಣುವಿನ ವೃತ್ತಾಂತವನ್ನು ಕೇಳಬೇಕು.

ಬಹುಕಾಲ ಈ ಹುಣ್ಣಿನ ಅಪವಾದವನ್ನು ಮೆಣಸಿನಕಾಯಿಯೂ ಮನೋವ್ಯಥೆಯೂ ಹೊತ್ತಿದ್ದವು. ಜಠರದ ಉಗ್ರವಾದ ಆಮ್ಲದಲ್ಲಿ ಯಾವ ಜೀವಾಣು ತಾನೇ ಬದುಕೀತು ಎಂಬುದು ಪಂಡಿತರ ವಾದ. ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಇದನ್ನು ಒಪ್ಪಲಿಲ್ಲ. ಆದರೆ ಪ್ರಯೋಗಶಾಲೆಯಲ್ಲಿ ಆ ಜೀವಾಣು ಬೆಳೆಯಲೊಲ್ಲದು! ಎರಡು ದಿನ ಕಾದು ತಟ್ಟೆಗಳನ್ನು ಎಸೆಯುವುದು ವಾಡಿಕೆ. 1982ರ ಈಸ್ಟರ್ ರಜೆಯಲ್ಲಿ ಎಸೆಯುವವರಿಲ್ಲದೆ ತಟ್ಟೆಗಳು ಹಾಗೆಯೇ ಉಳಿದವು. ಬಂದು ನೋಡಿದರೆ ಜೀವಾಣು ಬೆಳೆದು ನಿಂತಿತ್ತು. ಸೋಮಾರಿತನಕ್ಕೂ ಒಮ್ಮೊಮ್ಮೆ ಯೋಗವುಂಟು. 1984ರಲ್ಲಿ ಮಾರ್ಷಲ್ ಆ ಜೀವಾಣುಗಳನ್ನು ತಾವೇ ಕುಡಿದು, ಜಠರದ ಉರಿಯೂತವನ್ನು ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ಈ ರೋಗಾಣು ಯೂರಿಯವನ್ನು ಒಡೆದು ಅಮೋನಿಯವನ್ನು ಉಂಟುಮಾಡಿ, ತನ್ನ ಸುತ್ತಲಿನ ಆಮ್ಲವನ್ನು ತಣಿಸಿಕೊಳ್ಳುತ್ತದೆ. ಲೋಳೆಪೊರೆಯೊಳಗೆ ಹುದುಗಿ ಕೂರುತ್ತದೆ. ಒಂದೇ ಔಷಧ ಕೊಟ್ಟರೆ ಕೆಲವು ಸತ್ತು, ಗಟ್ಟಿಯಾದವು ಉಳಿದು ಮತ್ತೆ ವಂಶ ಬೆಳೆಸುತ್ತವೆ. ಆದುದರಿಂದಲೇ ಕೂಟ ಚಿಕಿತ್ಸೆ. ಒಮೆಪ್ರಜೋಲ್‌ನಂಥ ಮದ್ದು ಆಮ್ಲವನ್ನು ತಗ್ಗಿಸುತ್ತದೆ; ಅದರಿಂದ ಜೊತೆಯ ಔಷಧಗಳಿಗೆ ಬಲ ಬರುತ್ತದೆ. ಕ್ಲಾರಿಥ್ರೊಮೈಸಿನ್ ಮತ್ತು ಅಮಾಕ್ಸಿಸಿಲಿನ್‌ಗಳನ್ನು ಇದರೊಡನೆ ಕೊಡುವ ತ್ರಿವಳಿ ಪದ್ಧತಿ ಬಹಳ ವರ್ಷ ನಡೆಯಿತು. ಈಗ ಕ್ಲಾರಿಥ್ರೊಮೈಸಿನ್‌ಗೆ ಜಗ್ಗದ ರೋಗಾಣುಗಳು ಹೆಚ್ಚಿರುವುದರಿಂದ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್‌ಗಳನ್ನು ಆಮ್ಲಶಾಮಕದೊಡನೆ ಕೊಡುವುದು ರೂಢಿಗೆ ಬಂದಿದೆ. ನಮ್ಮಲ್ಲಿ ಮೆಟ್ರೊನಿಡಜೋಲ್‌ಗೂ ಬಗ್ಗದವು ಬಹಳ. ಭೇದಿಯಾದರೆ ಅಂಗಡಿಯವನನ್ನು ಕೇಳಿ ನಾಲ್ಕು ಮಾತ್ರೆ ನುಂಗಿ ಸುಮ್ಮನಾಗುವ ನಮ್ಮ ಜಾಣತನವನ್ನು ಇಲ್ಲಿ ನೆನೆಯಬೇಕು! ಆದರೂ ಬಿಸ್ಮತ್ ಜೊತೆಗಿದ್ದು, ಪೂರ್ಣ ಪ್ರಮಾಣದಲ್ಲಿ 14 ದಿನ ಸೇವಿಸಿದರೆ ಆ ಮೊಂಡುತನವನ್ನು ಬಹುಮಟ್ಟಿಗೆ ಮುರಿಯಬಹುದು. ಐದನೆಯ ದಿನ ಬಿಟ್ಟವರಿಗೆ ಈ ಭಾಗ್ಯವಿಲ್ಲ.

ಬಾಯಲ್ಲಿ ಲೋಹದ ರುಚಿ ಮೆಟ್ರೊನಿಡಜೋಲ್‌ನಿಂದ. ಚಿಕಿತ್ಸೆ ಮುಗಿದ ಮೇಲೆ ಹೋಗುತ್ತದೆ. ಆ ದಿನಗಳಲ್ಲಿ ಮದ್ಯ ಕೂಡದು. ಬಿಸ್ಮತ್‌ನಿಂದ ಮಲ ಕಪ್ಪಾದರೆ ಹೆದರಬೇಡಿ. ಆದರೆ ಅದು ಟಾರಿನಂತೆ ಅಂಟಾಗಿದ್ದು ತಲೆಸುತ್ತು ಬಂದರೆ ಆಸ್ಪತ್ರೆಗೆ ಧಾವಿಸಬೇಕು. ಟೆಟ್ರಾಸೈಕ್ಲಿನ್ ಅನ್ನು ಹಾಲಿನೊಡನೆ ಸೇವಿಸಬಾರದು. ಗರ್ಭಿಣಿಯರಿಗೆ ಅದು ಸಲ್ಲದು.

ನೋವು ನಿಂತದ್ದು ರೋಗಾಣು ಅಳಿದುದಕ್ಕೆ ಸಾಕ್ಷಿಯಲ್ಲ. 1994ರಲ್ಲಿಯೇ ಇದನ್ನು ಜಠರದ ಕ್ಯಾನ್ಸರಿಗೆ ಕಾರಣವೆಂದು ಗುರುತಿಸಿದ್ದಾರೆ. ಸೋಂಕಿದ್ದವರಲ್ಲಿ ಕೆಲವರಿಗಷ್ಟೇ ಆ ಗತಿ, ನಿಜ. ಮದ್ದು ಮುಗಿದು ನಾಲ್ಕು ವಾರಗಳಾದರೂ ಕಳೆದ ಮೇಲೆ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಮುನ್ನ ಎರಡು ವಾರ, ವೈದ್ಯರನ್ನು ಕೇಳಿ, ಆಮ್ಲದ ಮಾತ್ರೆಯನ್ನು ನಿಲ್ಲಿಸಿರಬೇಕು. ರಕ್ತಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ರೋಗಾಣು ಹೋದ ಮೇಲೂ ಅದು ಬಹುಕಾಲ ‘ಇದೆ’ ಎಂದೇ ಹೇಳುತ್ತಿರುತ್ತದೆ.

ಪತ್ರ ಬರೆದವರು ಉಳಿದ ಒಂಬತ್ತು ದಿನಗಳ ಗುಳಿಗೆಗಳನ್ನು ಬಿಡದೆ ಸೇವಿಸಲಿ. ಈಗಾಗಲೇ ಬಿಟ್ಟಿದ್ದರೆ, ಅದನ್ನು ಮುಚ್ಚಿಡದೆ ವೈದ್ಯರಿಗೆ ಇಂದೇ ತಿಳಿಸಲಿ.