ಕಣ್ಣಿಗೆ ಕಾಣದ ಖಾನೆಗಳು

ಸೀಸದ ಮೊಳೆಗಳ ಕಾಲದಲ್ಲಿ ಅಚ್ಚುಕೂಟಕ್ಕೆ ಕೆಲಸ ಕಲಿಯಲು ಬಂದ ಹುಡುಗನು, ಯಾವ ಅಕ್ಷರ ಯಾವ ಖಾನೆಯಲ್ಲಿದೆ ಎಂಬುದನ್ನು ಮೊದಲು ಕಲಿಯಬೇಕಾಗಿತ್ತು. ತಪ್ಪು ಖಾನೆಗೆ ಕೈ ಹಾಕಿದರೆ ಕರಡಿನಲ್ಲಿ ತಪ್ಪು ಅಕ್ಷರ ಮೂಡುತ್ತಿತ್ತು. ಇಂದು ಗಣಕದ ಮುಂದೆ ಕುಳಿತು ಪುಟ ಕಟ್ಟಲು ಕಲಿಯುವ ಹೊಸಬನಿಗೆ ಖಾನೆಗಳು ಕಾಣುವುದಿಲ್ಲ. ಅವು ಇಲ್ಲವೆಂದಲ್ಲ, ಫಾಂಟಿನೊಳಗೆ ಅಡಗಿ ಕುಳಿತಿವೆ. ಅವನ ತೊಂದರೆಗಳಲ್ಲಿ ಮುಕ್ಕಾಲುಪಾಲು ಹುಟ್ಟುವುದು ಅಲ್ಲಿಯೇ.

ಹೊಸಬನ ಎಣಿಕೆಯಲ್ಲಿ ಫಾಂಟೆಂದರೆ ಅಕ್ಷರದ ಅಂಗಿ. ಒಂದನ್ನು ಕಳಚಿ ಇನ್ನೊಂದನ್ನು ತೊಡಿಸಿದರಾಯಿತು. ಇಂಗ್ಲಿಷಿನ ಮಟ್ಟಿಗೆ ಇದು ಬಹುತೇಕ ನಿಜ. ಕನ್ನಡದಲ್ಲಾದರೋ ಅಂಗಿಯೊಡನೆ ಮೈಯೇ ಕಳಚಿಬಂದ ಪ್ರಸಂಗಗಳುಂಟು. ನುಡಿಯ ಹಳೆಯ ಫಾಂಟುಗಳಲ್ಲಿ ‘ಕ’ ಅಕ್ಷರದ ಮೈಭಾಗವು ಇಂಗ್ಲಿಷಿನ ದೊಡ್ಡ ‘ಪಿ’ಯ ಸ್ಥಾನದಲ್ಲಿಯೂ, ಅದರ ತಲಕಟ್ಟು ಬೇರೊಂದು ಸ್ಥಾನದಲ್ಲಿಯೂ ಇರುತ್ತವೆ. ತೆರೆಯ ಮೇಲೆ ಕಾಣುವುದು ಕನ್ನಡ; ಕಡತದೊಳಗಿರುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು.

ತೀರಿಕೊಂಡ ಹಿರಿಯರೊಬ್ಬರ ನೆನಪುಗಳನ್ನು ಮನೆಯವರು ಇಂಥ ಫಾಂಟಿನಲ್ಲಿ ಜೋಡಿಸಿ ಅಚ್ಚುಹಾಕಿಸಿದರೆಂದು ಭಾವಿಸೋಣ. ಹಸ್ತಪ್ರತಿ ಗೆದ್ದಲಿನ ಪಾಲಾಯಿತು. ಹತ್ತು ವರ್ಷಗಳ ತರುವಾಯ ಮರುಮುದ್ರಣಕ್ಕೆಂದು ಹೊಸ ಗಣಕದಲ್ಲಿ ಕಡತವನ್ನು ತೆರೆದರೆ ಪುಟದ ತುಂಬ ರೋಮನ್ ಕಗ್ಗ! ಹಳೆಯ ಫಾಂಟು ದೊರೆತರೆ ಆ ಬರಹ ಮತ್ತೆ ಕಣ್ಣಿಗೆ ಬೀಳುತ್ತದೆ. ಯೂನಿಕೋಡಿಗೆ ಬದಲಿಸುವ ಸಾಧನಗಳೂ ಇವೆ. ಆದರೆ ಬದಲಿಸಿದ ಮೇಲೆ ಅಚ್ಚಾದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ತಿದ್ದುವ ತಾಳ್ಮೆ ಬೇಕು.

1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳು ದೊರೆತಿದ್ದವು. ಅಲ್ಲಿ ‘ಕ’ ಎಂದೆಂದಿಗೂ ‘ಕ’ವೇ, ಫಾಂಟು ಬದಲಾದರೆ ರೂಪ ಮಾತ್ರ ಬದಲಾಗುತ್ತದೆ. ಒತ್ತಕ್ಷರಗಳಿಗೆ ಬೇರೆ ಸ್ಥಾನವಿಲ್ಲ. ಕಕಾರ, ವಿರಾಮಚಿಹ್ನೆ, ಷಕಾರ ಒಂದರ ಹಿಂದೊಂದು ಬಂದರೆ ‘ಕ್ಷ’ ಎಂದು ಬೆಸೆಯುವುದು ಫಾಂಟಿನ ಹೊಣೆ. ‘ಧರ್ಮ’ದ ಅರ್ಕಾವೊತ್ತು ಕಾಗದದ ಮೇಲೆ ಮಕಾರದ ನಂತರ ಕುಳಿತರೂ ಕಡತದಲ್ಲಿ ರಕಾರವೇ ಮುಂದಿರುತ್ತದೆ. ಕಂಡಂತೆ ಕೀಲಿ ಒತ್ತಿ ರೂಢಿಯಾದ ಹಳಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಉಚ್ಚರಿಸಿದಂತೆ ಒತ್ತುವ ಮಕ್ಕಳು ಎಡವುವುದಿಲ್ಲ.

ಫಾಂಟಿಗೆ ಈ ವಿದ್ಯೆ ಬಂದರೆ ಸಾಲದು, ಪುಟ ಕಟ್ಟುವ ತಂತ್ರಾಂಶಕ್ಕೂ ತಿಳಿದಿರಬೇಕು. 2001ರಲ್ಲಿ ಕೊನೆಯ ಆವೃತ್ತಿ ಕಂಡ ಪೇಜ್‌ಮೇಕರಿಗೆ ಅದು ತಿಳಿಯದು. ಇನ್‌ಡಿಸೈನಿಗೆ ತಿಳಿದಿದೆ, ಆದರೆ ‘ವರ್ಲ್ಡ್-ರೆಡಿ’ ಎಂಬ ಜೋಡಣೆಯ ಕ್ರಮವನ್ನು ಆರಿಸಿಕೊಡಬೇಕು. ಇಲ್ಲವಾದರೆ ಒತ್ತುಗಳು ಕೂಡದೆ, ‘ಸ್ತ್ರೀ’ ಎಂಬ ಒಂದೇ ಅಕ್ಷರ ಮೂರು ತುಂಡಾಗಿ ಬೀಳುತ್ತದೆ. ಹೊಸಬನು ಫಾಂಟನ್ನು ಶಪಿಸುತ್ತ ಹತ್ತು ಬೇರೆ ಫಾಂಟುಗಳನ್ನು ತಂದು ತುಂಬಿಕೊಳ್ಳುತ್ತಾನೆ; ಪಾಪ, ತಪ್ಪು ಅವುಗಳದಲ್ಲ.

ಸಾಲುಗಳ ನಡುವಣ ಅಂತರವೂ ಅವನನ್ನು ಕಾಡದೆ ಬಿಡದು. ಇನ್‌ಡಿಸೈನು ತಾನಾಗಿ ಇಡುವ ಅಂತರ ಅಕ್ಷರದ ಅಳತೆಯ ನೂರಕ್ಕೆ 120ರಷ್ಟು. ಎಂದರೆ 12 ಪಾಯಿಂಟಿಗೆ 14.4. ಕೆಳಗೆ ಒತ್ತು, ಮೇಲೆ ಗುಡಿಸು ಇರುವ ಕನ್ನಡಕ್ಕೆ ಇದು ಇಕ್ಕಟ್ಟು; 17 ಅಥವಾ 18 ಕೊಟ್ಟರೆ ಓದುವ ಕಣ್ಣಿಗೆ ಉಸಿರಾಟ ಸುಗಮ. ದಪ್ಪ ಅಕ್ಷರವೇ ಇಲ್ಲದ ಫಾಂಟಿಗೆ ದಪ್ಪಗಾಗೆಂದು ಅಪ್ಪಣೆ ಮಾಡಿದರೆ ಕೆಲವು ತಂತ್ರಾಂಶಗಳು ಇದ್ದ ಅಕ್ಷರಕ್ಕೇ ಮಸಿ ಮೆತ್ತಿ ಕೊಡುತ್ತವೆ; ಸಣ್ಣ ಒತ್ತುಗಳ ಹೊಟ್ಟೆ ತುಂಬಿಹೋಗುತ್ತದೆ.

ಆದುದರಿಂದ ಮುನ್ನೂರು ಪುಟಗಳ ಗ್ರಂಥಕ್ಕೆ ಕೈ ಹಾಕುವ ಮೊದಲು ‘ರಾಷ್ಟ್ರ’, ‘ಸ್ತ್ರೀ’, ‘ಕಾರ್ತ್ಸ್ನ್ಯ’ ಎಂಬ ಮೂರು ಪದಗಳನ್ನು ಜೋಡಿಸಿ, ಪಿಡಿಎಫ್ ಮಾಡಿ, ಫಾಂಟು ಅದರೊಳಗೆ ಅಡಕವಾಗಿದೆಯೇ ಎಂದು ನೋಡಿ, ಆ ಫಾಂಟಿಲ್ಲದ ಇನ್ನೊಂದು ಗಣಕದಲ್ಲಿ ತೆರೆದು ಕಾಗದದ ಮೇಲೆ ತೆಗೆಯುವುದು ಲೇಸು. ‘ಕಾರ್ತ್ಸ್ನ್ಯ’ದ ಒತ್ತುಗಳು ಕೆಳಗಿನ ಸಾಲಿನ ತಲೆಗೆ ಬಡಿದರೆ ಅಂತರವನ್ನು ಇನ್ನೊಂದು ಪಾಯಿಂಟು ಏರಿಸಬೇಕು.