ಅಲ್ಲಿ ಕೂಪನ್, ಇಲ್ಲಿ ಲಿಂಕು



ಈ ತಿಂಗಳು ತೊಗರಿ ಬಿಟ್ಟು ಅಮೆರಿಕದ ಟೀವಿ ಬಗ್ಗೆ ಬರೀತೀವಿ ಅಂದರೆ ‘ಇವರಿಗೆ ಬಿಸಿಲು ತಲಿಗೆ ಏರ್ಯದ’ ಅಂತ ನೀವು ನಗಬಹುದು. ನಗ್ರಿ. ಆದರ ಪೂರಾ ಓದಿ ನಗ್ರಿ.

2010ರ ಕೊನೆಗೆ ಅಮೆರಿಕದ ಟಿ.ಎಲ್.ಸಿ. ಎಂಬ ಚಾನೆಲ್ಲು ‘ಎಕ್ಸ್‌ಟ್ರೀಮ್ ಕೂಪನಿಂಗ್’ ಎಂಬ ಕಾರ್ಯಕ್ರಮ ತೋರಿಸಿತು. 2011ರಿಂದ ಅದು ಸರಣಿಯಾಗಿ ನಡೆಯಿತು. ಆ ದೇಶದಲ್ಲಿ ಸಾಬೂನು, ಬಿಸ್ಕೀಟು ಮಾಡುವ ಕಂಪನಿಗಳು ‘ಈ ಚೀಟಿ ತಂದವರಿಗೆ ಇಷ್ಟು ಕಡಿಮೆ’ ಎಂದು ಅಚ್ಚು ಹಾಕಿ ಭಾನುವಾರದ ಪತ್ರಿಕೆಗಳ ಒಳಗೆ ಇಟ್ಟು ಹಂಚುತ್ತ ಬಂದಿವೆ. ಕೋಕಾ ಕೋಲಾದವರು ಪುಕ್ಕಟೆ ಒಂದು ಗ್ಲಾಸಿನ ಚೀಟಿ ಹಂಚಿದ 1880ರ ದಶಕದಿಂದ ಈ ಪದ್ಧತಿ ಅದ. ಟೀವಿಯವರು ತೋರಿಸಿದ್ದು ಈ ಚೀಟಿಗಳ ಹುಚ್ಚು ಹಿಡಿದ ಗೃಹಿಣಿಯರನ್ನು. ಕತ್ತರಿ ಹಿಡಿದು ರಾತ್ರಿಯೆಲ್ಲ ಚೀಟಿ ಕತ್ತರಿಸುವುದು, ವಹಿಯಲ್ಲಿ ಜೋಡಿಸುವುದು, ಅಂಗಡಿಗೆ ಹೋಗಿ ನಾಲ್ಕೈದು ಕೈಗಾಡಿ ತುಂಬಿಸುವುದು. ಬಿಲ್ಲು ನೂರಾರು ಡಾಲರ್ ಆಗ್ತದ. ಆಮೇಲೆ ಒಂದೊಂದೇ ಚೀಟಿ ಕೊಟ್ಟ ಹಾಗೆ ಬಿಲ್ಲು ಇಳೀತದ, ಇಳೀತದ, ಕೊನೆಗೆ ನಾಲ್ಕೈದು ಡಾಲರಿಗೆ ಬಂದು ನಿಲ್ತದ. ಸುತ್ತ ನಿಂತವರು ಚಪ್ಪಾಳೆ ಹೊಡೀತಾರ. ಮನೆಗೆ ಹೋದರೆ ಮಂಚದ ಕೆಳಗೆ, ಮೋಟಾರು ನಿಲ್ಲಿಸೋ ಜಾಗದಲ್ಲಿ, ಎಲ್ಲಿ ನೋಡಿದರೂ ವರ್ಷಾನುಗಟ್ಟಲೆ ಸಾಲುವಷ್ಟು ಹಲ್ಲುಜ್ಜುವ ಪೇಸ್ಟು, ಶ್ಯಾವಿಗೆ ಪೊಟ್ಟಣ.

ಟೀವಿ ಅಂದ ಮೇಲೆ ಬಣ್ಣ ಇದ್ದೇ ಇರ್ತದ. ಚಿತ್ರೀಕರಣದ ದಿವಸ ಕೆಲವು ಅಂಗಡಿಗಳು ತಮ್ಮ ನಿಯಮವನ್ನೇ ಸಡಿಲಿಸಿದ್ದವು ಎಂದು ಆಗಲೇ ವರದಿಯಾಯಿತು. ಕಳ್ಳ ಚೀಟಿಯ ದಂಧೆಯೂ ಬೆಳೆಯಿತು. ವರ್ಜೀನಿಯಾ ರಾಜ್ಯದಲ್ಲಿ ಒಬ್ಬ ಹೆಂಗಸು ಮನೆಯಲ್ಲೇ ಕೂಪನ್ ಅಚ್ಚು ಹಾಕಿ ಕಂಪನಿ, ಅಂಗಡಿಗಳಿಗೆ 3 ಕೋಟಿ ಡಾಲರಿಗೂ ಮಿಕ್ಕಿ ನಷ್ಟ ಮಾಡಿ 2021ರಲ್ಲಿ 12 ವರ್ಷ ಜೈಲಿಗೆ ಹೋದಳು.

ಅದು ಇರಲಿ. ಆ ಕೈಗಾಡಿಯೊಳಗೆ ಏನಿತ್ತು ನೋಡ್ರಿ. ಎಲ್ಲ ಕಂಪನಿ ಮಾಲು, ಡಬ್ಬಿ, ಪೊಟ್ಟಣ. ಹೊಲದಿಂದ ಬಂದ ಹಸಿ ತರಕಾರಿಗೆ, ಬಿಡಿ ಕಾಳಿಗೆ ಕೂಪನ್ ಸಿಗೋದು ಬಹಳ ಕಡಿಮೆ. ಯಾಕ? ರಿಯಾಯಿತಿ ಕೊಡಬೇಕಾದರೆ ಮೊದಲು ಬೆಲೆ ಕಟ್ಟುವ ಅಧಿಕಾರ ಕೈಯಲ್ಲಿ ಇರಬೇಕು. ನೂರು ರೂಪಾಯಿ ಅಂತ ಬರೆಯುವವನೇ ಎಂಬತ್ತಕ್ಕೆ ಇಳಿಸಬಲ್ಲ. ಅಲ್ಲಿ ಅಂಗಡಿಯವನು ಚೀಟಿ ತಗೊಂಡು ಕಳೆದುಕೊಳ್ಳುವುದೂ ಏನಿಲ್ಲ. ಚೀಟಿಯಲ್ಲಿ ಬರೆದಷ್ಟು ಹಣವನ್ನು ಕಂಪನಿ ಅವನಿಗೆ ತುಂಬಿ ಕೊಡ್ತದ, ಮೇಲೆ ಚೀಟಿಗೆ 8 ಸೆಂಟಿನಷ್ಟು ಖರ್ಚಿಗೂ ಕೊಡ್ತದ. ಕಂಪನಿಯೋ, ಅದನ್ನೆಲ್ಲ ಲೆಕ್ಕ ಹಿಡಿದೇ ಬೆಲೆ ಬರೆದಿರ್ತದ.

ಬೆಲೆ ಬರೆಯುವ ಕೈ ಎಂಥದು ಅಂತ ವಾಡಿ, ಸೇಡಂ, ಶಹಾಬಾದದವರಿಗೆ ಹೇಳಬೇಕಾಗಿಲ್ಲ. ನಮ್ಮ ನೆಲದ ಸುಣ್ಣಕಲ್ಲು ಸಿಮೆಂಟಾಗಿ ಚೀಲ ಸೇರಿದ ಮೇಲೆ ಅದರ ದರ ನಾವು ಕೇಳುವಂತಿಲ್ಲ. ಸಿಮೆಂಟ್ ಕಂಪನಿಗಳು ಒಳಗೊಳಗೇ ಕೂಡಿ ದರ ಏರಿಸಿದವು ಎಂದು ಭಾರತೀಯ ಸ್ಪರ್ಧಾ ಆಯೋಗ 2012ರಲ್ಲಿ 11 ಕಂಪನಿಗಳಿಗೆ 6,000 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಆ ಆದೇಶ ಮೇಲ್ಮನವಿಯಲ್ಲಿ ಬಿತ್ತು, 2016ರಲ್ಲಿ ಆಯೋಗ ಮತ್ತೆ ದಂಡ ಹಾಕಿತು, ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲೂ ಹತ್ತಿತು. ನಾವು ತೊಗರಿಯವರು ಕೂಡಿ ಒಂದು ದರ ಹೇಳಿದರೆ ಕೇಳುವವರು ಯಾರದಾರ?

ಈಗ ತೊಗರಿಗೆ ಬರೋಣ. 2015ರಲ್ಲಿ ಪಟ್ಟಣದಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ದೇಶವೆಲ್ಲ ಹುಯಿಲಿಟ್ಟಿತು. ದಾಸ್ತಾನಿನ ಮೇಲೆ ದಾಳಿ ಆಯಿತು. 2016ರಲ್ಲಿ ಮೊಜಾಂಬಿಕ್ ದೇಶದ ಸಂಗಡ ತೊಗರಿ ತರಿಸುವ ಒಪ್ಪಂದವಾಯಿತು. ಆ ಧಾರಣಿ ನಂಬಿ ನೀವು, ನಾವು ಎಲ್ಲರೂ ಮುಂಗಾರಿಗೆ ತೊಗರಿ ಹಾಕಿದೆವು. ಮಳೆ ಬಂತು, ರಾಶಿ ಚಲೋ ಆಯಿತು. 2017ರ ಆರಂಭಕ್ಕೆ ಬೆಂಬಲ ಬೆಲೆ 5,050 ಅಂತ ಕಾಗದದ ಮೇಲಿತ್ತು, ಅಡತಿಯಲ್ಲಿ ಅದಕ್ಕಿಂತ ಕೆಳಗೆ ಕೇಳಿದರು. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಹಚ್ಚಿ ಪಾಳಿಗೆ ಕೂತ ರಾತ್ರಿ ನಿಮಗೆ ನೆನಪದ.

2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಮಿತಿ ತೆಗೆದರು. ಅವಧಿ ಮುಗಿದಾಗಲೆಲ್ಲ ಮುಂದಕ್ಕೆ ಹಾಕುತ್ತ ಬಂದರು. 2022ರಲ್ಲಿ ನೆಟೆ ರೋಗ ಬಂದು ನಮ್ಮ ಹೊಲ ನಿಂತಲ್ಲೇ ಒಣಗಿತು. ಬೆಳೆ ಕಡಿಮೆಯಾಗಿ ಧಾರಣಿ ಸ್ವಲ್ಪ ತಲೆ ಎತ್ತಿದ ಕೂಡಲೇ, 2023ರ ಜೂನ್‌ನಲ್ಲಿ ದಾಸ್ತಾನು ಮಿತಿ ಹೇರಿದರು. ಪಟ್ಟಣದ ಬಡವನಿಗೆ ಬೇಳೆ ಅಗ್ಗ ಸಿಗಬಾರದು ಅಂತ ನಾವು ಅನ್ನುವುದಿಲ್ಲ. ಅವನೂ ನಮ್ಮವನೇ, ನಿನ್ನೆ ಮೊನ್ನೆ ಚಿಂಚೋಳಿ ಬಿಟ್ಟು ಹೈದರಾಬಾದಿಗೆ ದುಡಿಯಲಿಕ್ಕೆ ಹೋದವನೇ. ಆದರೆ ಅವನಿಗೆ ಸರ್ಕಾರ ಕೊಟ್ಟ ರಿಯಾಯಿತಿಯ ಹಣ ತುಂಬಿದವರು ಯಾರು? ಅಮೆರಿಕದಲ್ಲಿ ಕೂಪನ್ ತಗೊಂಡ ಅಂಗಡಿಯವನಿಗೆ ಕಂಪನಿ ತುಂಬಿ ಕೊಡ್ತದ. ಇಲ್ಲಿ ತೊಗರಿ ಬೆಳೆದವನಿಗೆ ಯಾರೂ ತುಂಬಿ ಕೊಡಲಿಲ್ಲ. ರಿಯಾಯಿತಿ ಸರ್ಕಾರದ ಹೆಸರಿನಲ್ಲಿ, ಖರ್ಚು ನಮ್ಮ ಖಾತೆಯಲ್ಲಿ!

‘ವರ್ಷಕ್ಕೆ 6,000 ಕೊಡ್ತಾರಲ್ರೀ’ ಅಂತೀರಿ. 2019ರಿಂದ ಕೊಡ್ತಾರ, ಸುಳ್ಳಲ್ಲ. ಹತ್ತು ಎಕರೆ ತೊಗರಿ, ಎಕರೆಗೆ ಮೂರು ಕ್ವಿಂಟಲ್ ಹಿಡೀರಿ, ಮೂವತ್ತು ಕ್ವಿಂಟಲ್. ಬೆಂಬಲ ಬೆಲೆಗಿಂತ 500 ಕಡಿಮೆಗೆ ಮಾರಿದರೆ ಹೋಗೋದು 15,000. ಬಂದದ್ದು 6,000. ಉಳಿದ 9,000ವೇ ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ, ಬಂಗಾರ ಇಟ್ಟ ಅಂಗಡಿಯಲ್ಲಿ ಸಾಲ ಅಂತ ಬೆಳೆದು ನಿಂತದ. 2025ರಲ್ಲಿ ರಾಜ್ಯ ಸರ್ಕಾರ 7,550ರ ಬೆಂಬಲ ಬೆಲೆಯ ಮೇಲೆ 450 ಸೇರಿಸಿ 8,000 ಮಾಡಿತು. ಒಳ್ಳೆಯದೇ ಮಾಡಿತು. ಆದರೆ ಪಹಣಿ, ಹೆಸರು ನೋಂದಣಿ, ಎಕರೆಗೆ ಇಷ್ಟೇ ಅಂತ ಮಿತಿ ಎಲ್ಲ ಮುಗಿದು ಪಾಳಿ ಬರೋ ತನಕ ಕೈಸಾಲದವನು ಮನೆ ಬಾಗಿಲಲ್ಲಿ ನಿಂತಿರ್ತಾನ. ಅರ್ಧ ತೊಗರಿ ಅಷ್ಟರಾಗ ಅಡತಿ ಸೇರಿರ್ತದ.

ಇನ್ನು ನಾವು ಕೊಳ್ಳುವಾಗ ನಮಗೆ ಸಿಗೋ ಕೂಪನ್ ಎಂಥದು? ಬಿತ್ತನೆ ಹೊತ್ತಿಗೆ ಗೊಬ್ಬರದ ಅಂಗಡಿಗೆ ಹೋಗ್ರಿ. 45 ಕಿಲೋ ಯೂರಿಯಾಕ್ಕೆ ಸರ್ಕಾರ ಕಟ್ಟಿದ ದರ 266 ರೂಪಾಯಿ 50 ಪೈಸೆ, ಡಿಎಪಿ 50 ಕಿಲೋಗೆ 1,350. ‘ಡಿಎಪಿ ಅದ ಗೌಡ್ರೇ, ಖರೆ ಅದರ ಜೋಡಿ ಈ ಬಾಟ್ಲಿ, ಈ ಜಿಂಕು ಒಯ್ಯಬೇಕು’ ಅಂತಾನ. ಇದೇ ಲಿಂಕು. ಅಮೆರಿಕದ ಹೆಣ್ಣುಮಗಳು ಒಂದರ ರೊಕ್ಕ ಕೊಟ್ಟು ಎರಡು ತರ್ತಾಳ. ನಾವು ಎರಡರ ರೊಕ್ಕ ಕೊಟ್ಟು ಬೇಕಾದ ಒಂದನ್ನು ತರ್ತೀವಿ! ಅಂಗಡಿಯವನನ್ನು ಬೈದರೆ ‘ನಮಗೂ ಮೇಲಿನವರು ಹಂಗೇ ಹಚ್ಚಿ ಕಳಿಸ್ಯಾರ’ ಅಂತಾನ. ಅದೂ ಬಹುಮಟ್ಟಿಗೆ ಖರೆ.

ಎಣ್ಣಿ ವ್ಯವಹಾರ ಇದಕ್ಕಿಂತ ಚಂದ. ಕಾಯಿಕೊರಕಕ್ಕೆ ಹೊಡೆಯುವ ಎಣ್ಣಿ ಡಬ್ಬಿ ಸಂಗಡ ಒಮ್ಮೊಮ್ಮೆ ಟೋಪಿ, ಒಮ್ಮೊಮ್ಮೆ ಕೆರೆಯುವ ಬಹುಮಾನದ ಚೀಟಿ. ಗುರಿ ಮುಟ್ಟಿಸಿದ ಅಂಗಡಿಯವರಿಗೆ ಕಂಪನಿಗಳು ವಿದೇಶ ಪ್ರವಾಸ ಮಾಡಿಸುವುದು ಗುಟ್ಟೇನಲ್ಲ. ಆ ವಿಮಾನದ ಟಿಕೀಟಿನ ಹಣ ನಿಮ್ಮ ಡಬ್ಬಿಯ ಮೇಲೆ ಬರೆದ ದರದೊಳಗೇ ಅದ. ಹುಳ ಬಿದ್ದ ಹೊಲ ನೋಡಿ ಎಣ್ಣಿ ಹೇಳಬೇಕಾದವನು ಯಾವ ಡಬ್ಬಿಗೆ ಸ್ಕೀಮು ಜಾಸ್ತಿ ಅಂತ ನೋಡಿ ಹೇಳಿದರೆ ಬೆಳೆ ಗತಿ ಏನು? ಅದೂ ಉದ್ರಿಯವನಿಗೆ ಚೀಟಿಯೂ ಇಲ್ಲ, ರಿಯಾಯಿತಿಯೂ ಇಲ್ಲ. ಬಡ್ಡಿಯನ್ನು ದರದಲ್ಲೇ ಸೇರಿಸಿ ವಹಿಯಲ್ಲಿ ಬರೀತಾರ, ರಾಶಿ ದಿವಸ ತೊಗರಿಯಲ್ಲೇ ಹಿಡೀತಾರ.

ಆದ್ದರಿಂದ ಈ ಮುಂಗಾರಿಗೆ ಒಂದು ಕೆಲಸ ಮಾಡ್ರಿ. ಉದ್ರಿ ಇರಲಿ, ನಗದು ಇರಲಿ, ಬಿಲ್ಲು ಕೇಳ್ರಿ. ಗೊಬ್ಬರ ಮಾರುವವನು ನಗದು ಅಥವಾ ಉದ್ರಿ ರಸೀದಿ ಕೊಡಲೇಬೇಕು ಎಂದು ರಸಗೊಬ್ಬರ ನಿಯಂತ್ರಣ ಆದೇಶದಲ್ಲೇ ಅದ. ಲಿಂಕು ಹಚ್ಚಿದ ಮಾಲನ್ನೂ ಅದೇ ಬಿಲ್ಲಿನಲ್ಲಿ ಬರೆಸ್ರಿ. ಬರೆಯಲು ಹಿಂದೆ ಮುಂದೆ ನೋಡಿದರೆ ಆ ಮಾಲು ಅಲ್ಲೇ ಬಿಟ್ಟು, ನಾಲ್ಕು ಮಂದಿ ಕೂಡಿ ರೈತ ಸಂಪರ್ಕ ಕೇಂದ್ರಕ್ಕೆ ನಡೀರಿ. ಒಬ್ಬರೇ ಹೋಗಬ್ಯಾಡ್ರಿ, ಒಬ್ಬರೇ ಹೋದವರನ್ನು ನಾಳೆ ಬಾ ಅಂತಾರ. ಬೀಜದ ಚೀಲ, ಅದರ ಮೇಲಿನ ಚೀಟಿ, ಲಾಟ್ ನಂಬರು ಕಟಾವಿನ ತನಕ ಅಟ್ಟದ ಮೇಲೆ ಇಡ್ರಿ. ಬೀಜ ಕೊಂಡ ರೈತನೂ ಗ್ರಾಹಕನೇ, ಪರಿಹಾರ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿಯಾಗಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದವರನ್ನು ಅಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: ಬಿಲ್ಲು ಎಲ್ಲಿ?